ಅಂಕಿ ಏರಿತು, ವಿದ್ಯುತ್ ಉಳಿಯಿತು

ಮಾನ್ಯ ಓದುಗರೇ,

ಡೇಟಾ ಸೆಂಟರ್ (ಸರ್ವರ್ ಎಂಬ ಕಂಪ್ಯೂಟರ್‌ಗಳನ್ನು ಸಾಲಾಗಿಟ್ಟು ನಡೆಸುವ ಕಟ್ಟಡ) ಕುರಿತ ನಮ್ಮ ಲೇಖನ ಓದಿ ನೀವು ಕೇಳಿದ್ದೀರಿ: "ದೊಡ್ಡ ಕಂಪನಿಗಳ ಪಿಯುಇ 1.1ಕ್ಕೆ ಇಳಿದಿದೆ ಎಂದು ನೀವೇ ಬರೆದಿದ್ದೀರಿ. ಅಂದಮೇಲೆ ಉಳಿಸಲು ಇನ್ನೇನು ಬಾಕಿ?" ನ್ಯಾಯವಾದ ಪ್ರಶ್ನೆ. ಆ ಅಂಕಿಯನ್ನು ಬಿಡಿಸಿ ಹೇಳದೆ ಹೋದದ್ದು ನಮ್ಮ ತಪ್ಪು.

ಕಟ್ಟಡಕ್ಕೆ ಬರುವ ಒಟ್ಟು ವಿದ್ಯುತ್ತನ್ನು ಸರ್ವರ್ ಮುಂತಾದ ಉಪಕರಣಗಳಿಗೆ ಸೇರುವ ವಿದ್ಯುತ್ತಿನಿಂದ ಭಾಗಿಸಿದರೆ ಸಿಗುವುದೇ ಪಿಯುಇ (ಪವರ್ ಯೂಸೇಜ್ ಎಫೆಕ್ಟಿವ್‌ನೆಸ್). ಅದು 1ಕ್ಕೆ ಹತ್ತಿರವಾದಷ್ಟೂ ಒಳ್ಳೆಯದು ಎಂದು ಲೆಕ್ಕ. 2007ರಲ್ಲಿ ತಂತ್ರಜ್ಞಾನ ಕಂಪನಿಗಳ ‘ಗ್ರೀನ್ ಗ್ರಿಡ್’ ಒಕ್ಕೂಟ ಇದನ್ನು ಬಳಕೆಗೆ ತಂದಿತು. ಇದರಿಂದ ಆದ ಉಪಕಾರ ದೊಡ್ಡದು. ಸರ್ವರ್‌ಗಳನ್ನು ತಣ್ಣಗಿಡುವ ಕೂಲಿಂಗ್‌ಗೆ ಪೋಲಾಗುತ್ತಿದ್ದ ವಿದ್ಯುತ್ ಕಣ್ಣಿಗೆ ಕಂಡಿತು. ಬಿಸಿ ಗಾಳಿ, ತಣ್ಣನೆ ಗಾಳಿ ಬೆರೆಯದಂತೆ ಸರ್ವರ್ ಸಾಲುಗಳ ನಡುವೆ ಮರೆ ಕಟ್ಟಿದರು, ಫ್ಯಾನ್‌ಗಳ ವೇಗ ತಗ್ಗಿಸಿದರು. ವೇಗ ಐದರಲ್ಲಿ ಒಂದು ಪಾಲು ಕಡಿಮೆಯಾದರೆ ಸಾಕು, ಫ್ಯಾನ್ ಎಳೆಯುವ ವಿದ್ಯುತ್ ಹೆಚ್ಚುಕಡಿಮೆ ಅರ್ಧಕ್ಕೆ ಬರುತ್ತದೆ.

ಆದರೆ 1.1ರ ಅರ್ಥ ನೋಡಿ. ಬರುವ ಹನ್ನೊಂದು ಪಾಲಿನಲ್ಲಿ ಹತ್ತು ಪಾಲು ಈಗಾಗಲೇ ಸರ್ವರ್‌ಗಳಿಗೆ ಹೋಗುತ್ತಿದೆ. ಕೂಲಿಂಗ್ ಖರ್ಚನ್ನು ಸೊನ್ನೆಗಿಳಿಸಿದರೂ ಉಳಿಯುವುದು ಹೆಚ್ಚೆಂದರೆ ಒಂದೇ ಪಾಲು. ಮಿಕ್ಕ ಹತ್ತರಲ್ಲಿ ಎಷ್ಟು ಕೆಲಸಕ್ಕೆ ಬಂತು, ಎಷ್ಟು ಸುಮ್ಮನೆ ಉರಿಯಿತು ಎಂದು ಪಿಯುಇ ಕೇಳುವುದೇ ಇಲ್ಲ. ಕೆಲಸವಿಲ್ಲದ ಸರ್ವರ್ ಕೂಡ ವಿದ್ಯುತ್ ಎಳೆಯುತ್ತಲೇ ಇರುತ್ತದೆ.

ಒಂದು ಕಾಲ್ಪನಿಕ ಲೆಕ್ಕ: ಸರ್ವರ್‌ಗಳಿಗೆ 1,000 ಕಿಲೋವ್ಯಾಟ್, ಕೂಲಿಂಗ್ ಇತ್ಯಾದಿಗೆ 500. ಪಿಯುಇ 1.5. ಖಾಲಿ ಕುಳಿತ ಸರ್ವರ್‌ಗಳನ್ನು ಹುಡುಕಿ ಆಫ್ ಮಾಡಿದ್ದರಿಂದ ಸರ್ವರ್ ಬಳಕೆ 700ಕ್ಕೆ, ಕೂಲಿಂಗ್ 400ಕ್ಕೆ ಇಳಿಯಿತು ಎನ್ನಿ. ಒಟ್ಟು 400 ಕಿಲೋವ್ಯಾಟ್ ಉಳಿತಾಯ. ಆದರೆ ಪಿಯುಇ 1.57ಕ್ಕೆ ಏರಿತು! ಬರೀ ಈ ಅಂಕಿಯಿಂದ ಅಳೆಯುವ ಮೇಲಧಿಕಾರಿಯ ಮುಂದೆ, ಒಳ್ಳೆಯ ಕೆಲಸ ಮಾಡಿದ ಎಂಜಿನಿಯರ್ ತಲೆ ತಗ್ಗಿಸಿ ನಿಲ್ಲಬೇಕಾಗುತ್ತದೆ. ಇದು ನನಗೆ ನಿಜಕ್ಕೂ ನೋವಿನ ಸಂಗತಿ.

ನೀರಿನದೂ ಇದೇ ಕಥೆ. ನೀರನ್ನು ಆವಿಯಾಗಿಸಿ ತಂಪು ಮಾಡಿದರೆ ಪಿಯುಇ ಚೆನ್ನಾಗಿ ಇಳಿಯುತ್ತದೆ, ಖರ್ಚಾದ ನೀರು ಅದರಲ್ಲಿ ಕಾಣುವುದಿಲ್ಲ. ಡೆನ್ಮಾರ್ಕಿನ ಒಡೆನ್ಸೆಯಲ್ಲಿ ಮೆಟಾ ಕಂಪನಿಯ ಸರ್ವರ್‌ಗಳ ಶಾಖ ಊರಿನ ಮನೆಗಳನ್ನು ಬೆಚ್ಚಗಿಡುತ್ತದೆ. ಆ ಪುಣ್ಯವೂ ಪಿಯುಇ ಲೆಕ್ಕಕ್ಕೆ ಸೇರದು.

ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಅಂದಾಜಿನಂತೆ 2024ರಲ್ಲಿ ಜಗತ್ತಿನ ಡೇಟಾ ಸೆಂಟರ್‌ಗಳು ಬಳಸಿದ್ದು ಸುಮಾರು 41,500 ಕೋಟಿ ಯೂನಿಟ್. ಬಾಕಿ ಏನು ಎಂಬ ನಿಮ್ಮ ಪ್ರಶ್ನೆಗೆ ಉತ್ತರ ಆ ಒಟ್ಟು ಬಳಕೆಯಲ್ಲಿದೆ. ಇನ್ನು ಮುಂದೆ ಯಾವುದೇ ಕಂಪನಿಯ ಪಿಯುಇ ಅಚ್ಚು ಮಾಡುವಾಗ ಒಟ್ಟು ಯೂನಿಟ್ ಮತ್ತು ನೀರಿನ ಲೆಕ್ಕವನ್ನೂ ಕೇಳುತ್ತೇವೆ. ಕೊಡದಿದ್ದರೆ, ಕೊಡಲಿಲ್ಲ ಎಂದೇ ಬರೆಯುತ್ತೇವೆ.

– ಸಂಪಾದಕ