ಲಾಯರ್ ಹತ್ರ ಫೈಲ್ ಕೇಳೋದು ತಪ್ಪಾ?

ಓದುಗರ ಪ್ರಶ್ನೆಗೆ ತಜ್ಞರ ಉತ್ತರ
ಈ ಬಾರಿ: ವಕೀಲರು ತಮ್ಮ ಕಕ್ಷಿದಾರರಿಗೆ ಏನು ಬದ್ಧರು? ಉತ್ತರಿಸಿದವರು ಮಂಡ್ಯದ ಹಿರಿಯ ವಕೀಲರು.

ಪ್ರಶ್ನೆ: ಅಪ್ಪನ ಆಸ್ತಿಯಲ್ಲಿ ಪಾಲು ಕೇಳಿ ಅಣ್ಣಂದಿರ ಮೇಲೆ ದಾವೆ ಹಾಕಿ ಆರು ವರ್ಷ ಆಯಿತು. ಹೋದಾಗಲೆಲ್ಲ ನಮ್ಮ ಲಾಯರು "ನೀವು ಬರೋದು ಬೇಡ ಕಣಮ್ಮ, ನಾನು ನೋಡ್ಕೋತೀನಿ" ಅನ್ನುತ್ತಿದ್ದರು. ಕಳೆದ ತಿಂಗಳು ಅಣ್ಣನ ಮಗ ಬಂದು "ಅತ್ತೆ, ನಿಮ್ಮ ಕೇಸು ಡಿಸ್ಮಿಸ್ ಆಯ್ತಲ್ಲ" ಅಂದ. ವಿಚಾರಿಸಿದರೆ ಮೂರು ವಾಯಿದೆಗೆ ನಮ್ಮ ಕಡೆಯಿಂದ ಯಾರೂ ಹೋಗಿರಲಿಲ್ಲ. ಬೇರೆ ಲಾಯರ್ ಇಡೋಣ ಅಂದರೆ, ಬಾಕಿ ಹದಿನೆಂಟು ಸಾವಿರ ಕೊಟ್ಟರೆ ಮಾತ್ರ ಫೈಲ್ ಅನ್ನುತ್ತಾರೆ. ಅಷ್ಟು ಓದಿದವರ ಹತ್ರ ಎದುರು ಮಾತಾಡೋದು ಹೇಗೆ? ನನ್ನ ಪಾಲು ಹೋಯಿತಾ?
(ಪಾಂಡವಪುರ ತಾಲ್ಲೂಕಿನ ಓದುಗರು)

ಉತ್ತರ: ಅಕ್ಕಾ, ಮೊದಲು ದಿನ ಎಣಿಸಿ. ಬೇರೆಲ್ಲ ಆಮೇಲೆ. ವಾದಿ ಬರಲಿಲ್ಲ ಅಂತ ಡಿಸ್ಮಿಸ್ ಆದ ಕೇಸನ್ನು ಮತ್ತೆ ನಡೆಸಿ ಎಂದು ಕೇಳಲು ಆದೇಶದ ದಿನದಿಂದ 30 ದಿನ ಸಮಯ ಇರುತ್ತದೆ. ಅದು ದಾಟಿದ್ದರೂ ಎದೆಗುಂದಬೇಡಿ. ತಡ ಯಾಕಾಯಿತು ಎಂದು ವಿವರಿಸಿ ಕಾಲಮಿತಿ ಕಾಯ್ದೆಯ 5ನೇ ಕಲಮಿನಲ್ಲಿ ಇನ್ನೊಂದು ಅರ್ಜಿ ಜೊತೆಗೆ ಹಾಕಬೇಕು. ನಿಮ್ಮ ಅಣ್ಣನ ಮಗ ವಿಷಯ ಹೇಳಿದ್ದು ಯಾವ ದಿನ? ಇವತ್ತೇ ಬರೆದಿಡಿ. ಅಫಿಡವಿಟ್‌ನಲ್ಲಿ ಅದು ಬೇಕಾಗುತ್ತದೆ.

ಇಂಥ ಕೇಸೊಂದರಲ್ಲಿ ಸುಪ್ರೀಂ ಕೋರ್ಟ್ 1981ರಲ್ಲೇ ನಿಮ್ಮಂಥವರ ಪರ ಮಾತಾಡಿದೆ. ಹಳ್ಳಿಯವರಿಗೆ ಕೋರ್ಟಿನ ರೀತಿನೀತಿ ಗೊತ್ತಿರುವುದಿಲ್ಲ, ಲಾಯರ್ ಇಟ್ಟ ಮೇಲೆ ಅವರು ನೋಡಿಕೊಳ್ಳುತ್ತಾರೆ ಅಂತ ನಂಬಿರುತ್ತಾರೆ, ವಕೀಲರು ಬರದ ತಪ್ಪಿಗೆ ಅವರಿಗೆ ಶಿಕ್ಷೆ ಆಗಬಾರದು ಎಂದಿತು. ಹಾಗಂತ ಅದೊಂದನ್ನೇ ನೆಚ್ಚಿ ಕೂರಬೇಡಿ. ಇಷ್ಟು ವರ್ಷ ನೀವು ಏನು ವಿಚಾರಿಸಿದಿರಿ ಅಂತಲೂ ಕೋರ್ಟು ಕೇಳಬಹುದು. ಲಾಯರ್ ಮನೆಗೆ, ಆಫೀಸಿಗೆ ಎಷ್ಟು ಸಲ ಹೋಗಿದ್ದಿರಿ, ಯಾವಾಗ ಫೋನ್ ಮಾಡಿದ್ದಿರಿ, ದುಡ್ಡು ಯಾವಾಗ ಕೊಟ್ಟಿರಿ ಎಲ್ಲ ನೆನಪು ಮಾಡಿಕೊಳ್ಳಿ.

ಈಗ ಫೈಲಿನ ಮಾತು. ಆ ಫೈಲು ನಿಮ್ಮದು. ಫೀಸು ಬಾಕಿ ಇದೆ ಅಂತ ವಕೀಲರು ಅದನ್ನು ಒತ್ತೆ ಇಟ್ಟುಕೊಳ್ಳುವ ಹಾಗಿಲ್ಲ. ಮಧ್ಯಪ್ರದೇಶದ ಒಂದು ಸಹಕಾರಿ ಬ್ಯಾಂಕಿನ ಫೈಲುಗಳನ್ನು ಅವರ ವಕೀಲರು ಹೀಗೇ ಹಿಡಿದಿಟ್ಟುಕೊಂಡಿದ್ದರು. 2000ನೇ ಇಸವಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ವೃತ್ತಿ ದುರ್ನಡತೆ ಎಂದು ತೀರ್ಪು ಕೊಟ್ಟಿತು. ಫೀಸು ನಿಜವಾಗಿ ಬಾಕಿ ಇದ್ದರೆ ವಕೀಲರು ಅದಕ್ಕೆ ಬೇರೆ ದಾವೆ ಹಾಕಿ ವಸೂಲಿ ಮಾಡಿಕೊಳ್ಳಲಿ. ಫೈಲು ಅದಕ್ಕೆ ಅಡಮಾನ ಅಲ್ಲ. ಓದು ಬಾರದ ಜನ ತುಂಬಿರುವ ದೇಶದಲ್ಲಿ ಇದಕ್ಕೆ ಅವಕಾಶ ಕೊಟ್ಟರೆ ಶೋಷಣೆ ಆಗುತ್ತದೆ ಅನ್ನುವುದನ್ನೂ ಕೋರ್ಟು ಬಿಡಿಸಿ ಹೇಳಿತು. ನಿಮ್ಮ ಪತ್ರ ಓದುವಾಗ ನನಗೆ ಅದೇ ನೆನಪಾಯಿತು.

ಆದರೂ ಫೈಲಿಗಾಗಿ ಕಾಯುತ್ತಾ 30 ದಿನ ಕಳೆಯಬೇಡಿ. ಕೋರ್ಟಿನ ನಕಲು ವಿಭಾಗದಲ್ಲಿ ವಾದಪತ್ರ, ಆರ್ಡರ್ ಶೀಟ್, ಡಿಸ್ಮಿಸ್ ಆದೇಶ ಮೂರಕ್ಕೂ ನಕಲು ಅರ್ಜಿ ಹಾಕಿ. ಹೊಸ ಲಾಯರ್ ಅಷ್ಟರಲ್ಲೇ ಕೆಲಸ ಶುರು ಮಾಡಬಹುದು. ಹಳೆಯ ಲಾಯರ್ ಎನ್‌ಒಸಿ (ಬೇರೆ ವಕೀಲರನ್ನು ಇಡಲು ಅಭ್ಯಂತರ ಇಲ್ಲ ಅನ್ನುವ ಪತ್ರ) ಕೊಡದಿದ್ದರೆ ಅದನ್ನು ಕೋರ್ಟಿಗೇ ಹೇಳಿ, ಹೊಸ ವಕಾಲತ್ತಿಗೆ ಅನುಮತಿ ಕೇಳಬೇಕು. ಕೈಯಲ್ಲಿ ದುಡ್ಡಿಲ್ಲವಾ? ನೀವು ಹೆಣ್ಣುಮಗಳು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮಿನಲ್ಲಿ ಮಹಿಳೆಯರಿಗೆ, ಆದಾಯ ಎಷ್ಟೇ ಇರಲಿ, ಉಚಿತ ವಕೀಲರು ಸಿಗುತ್ತಾರೆ. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಕೇಳಿ, ಇಲ್ಲವೇ 15100ಕ್ಕೆ ಫೋನ್ ಮಾಡಿ.

ದೂರು ಕೊಡಬೇಕಾ ಅನ್ನುವುದು ನಿಮ್ಮ ಇಷ್ಟ. ಕೊಡುವುದಾದರೆ ಬೆಂಗಳೂರಿನ ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿಗೆ. 1961ರ ವಕೀಲರ ಕಾಯ್ದೆಯ 35ನೇ ಕಲಮಿನಲ್ಲಿ ಅವರು ಛೀಮಾರಿ ಹಾಕಬಹುದು, ಸ್ವಲ್ಪ ಕಾಲ ಸನ್ನದು, ಅಂದರೆ ವಕೀಲಿಕೆ ಮಾಡುವ ಪರವಾನಗಿ, ಅಮಾನತು ಮಾಡಬಹುದು, ಹೆಸರನ್ನೇ ಪಟ್ಟಿಯಿಂದ ತೆಗೆಯಬಹುದು. ಗ್ರಾಹಕರ ಆಯೋಗಕ್ಕೆ ಹೋಗಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ವಕೀಲರ ಸೇವೆ ಗ್ರಾಹಕ ಕಾಯ್ದೆಗೆ ಬರುವುದಿಲ್ಲ ಎಂದು 2024ರ ಮೇ 14ರಂದು ಸುಪ್ರೀಂ ಕೋರ್ಟ್ ಹೇಳಿದೆ. ನಷ್ಟ ಕಟ್ಟಿಕೊಡಿ ಅನ್ನಬೇಕಾದರೆ ಸಿವಿಲ್ ಕೋರ್ಟಿಗೇ ಹೋಗಬೇಕು.

ಇನ್ನು ಆ "ಎದುರು ಮಾತಾಡೋದು ಹೇಗೆ" ಅನ್ನುವ ಮಾತು. ಕಾನೂನಿಗಿಂತ ಜಾಸ್ತಿ ಅದೇ ನನ್ನನ್ನು ಕಾಡುತ್ತದೆ. ವಾಯಿದೆ ಯಾವಾಗ ಅಂತ ಕೇಳುವುದು ಎದುರು ಮಾತಲ್ಲ ಅಕ್ಕಾ. ನಾನು ಜೂನಿಯರ್ ಆಗಿದ್ದಾಗ ನಮ್ಮ ಸೀನಿಯರ್ ಕೋರ್ಟಿನಿಂದ ಬಂದವರೇ ಪೋಸ್ಟ್ ಕಾರ್ಡ್ ಕಟ್ಟು ಮುಂದಿಡುತ್ತಿದ್ದರು. ಆ ದಿನ ಯಾರ ಕೇಸಿತ್ತೋ ಅವರಿಗೆಲ್ಲ ಮುಂದಿನ ವಾಯಿದೆ, ಇವತ್ತು ಏನಾಯಿತು, ಎರಡೇ ಸಾಲು. ಬರೆದು ಮುಗಿಯುವ ತನಕ ನಮಗೆ ಮನೆ ಇಲ್ಲ. ಈಗ ಅದಕ್ಕೆ ಒಂದು ವಾಟ್ಸಾಪ್ ಸಾಕು, ಆದರೂ ಬಹಳ ಜನ ಮಾಡುವುದಿಲ್ಲ. ನೀವೇ ನೋಡಿಕೊಳ್ಳಲೂ ದಾರಿ ಇದೆ. ಪ್ರತಿ ಕೇಸಿಗೂ 16 ಅಕ್ಷರ-ಅಂಕಿಗಳ ಸಿಎನ್‌ಆರ್ ನಂಬರ್ ಇರುತ್ತದೆ. ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಅದನ್ನು ಹಾಕಿದರೆ ಮುಂದಿನ ವಾಯಿದೆ ಕಾಣುತ್ತದೆ. ಮನೆಯಲ್ಲಿ ಮೊಬೈಲ್ ಬಲ್ಲ ಮಕ್ಕಳಿದ್ದರೆ ಅವರ ಕೈಯಲ್ಲಿ ಮಾಡಿಸಿ.

ಪ್ರಶ್ನೆ: ಹೆದ್ದಾರಿಗೆ ಹೋದ ಜಮೀನಿನ ಪರಿಹಾರದ ಕೇಸು ನಡೆಯುತ್ತಿದೆ. ಬಂದ ಹಣದಲ್ಲಿ ನೂರಕ್ಕೆ ಹದಿನೈದು ಕೊಡಬೇಕು ಎಂದು ಲಾಯರ್ ಬರೆಸಿಕೊಂಡಿದ್ದಾರೆ. ಎರಡು ಖಾಲಿ ಚೆಕ್ಕಿಗೂ ಸಹಿ ಹಾಕಿಸಿಕೊಂಡಿದ್ದಾರೆ. ಎಲ್ಲರೂ ಹೀಗೇ ಮಾಡುವುದು ಅನ್ನುತ್ತಾರೆ. ಸರಿಯಾ?
(ಮದ್ದೂರಿನ ಓದುಗರು)

ಉತ್ತರ: ಸರಿಯಲ್ಲ. ಎಲ್ಲರೂ ಮಾಡುವುದೂ ಇಲ್ಲ. ಕೇಸಿನ ಫಲಕ್ಕೆ ಫೀಸನ್ನು ಗಂಟು ಹಾಕಬಾರದು, ಬಂದ ಹಣದಲ್ಲಿ ಪಾಲು ಮಾತಾಡಬಾರದು ಎಂದು ಬಾರ್ ಕೌನ್ಸಿಲ್ ಆಫ್ ಇಂಡಿಯಾದ ನಡತೆ ನಿಯಮಗಳಲ್ಲಿ 20ನೆಯದು ಹೇಳುತ್ತದೆ. ಇದಕ್ಕೆ ಕಾರಣ ಇದೆ. ಪಾಲು ಸಿಗುವಾಗ ಅದು ಲಾಯರ್ ಕೇಸೂ ಆಗಿಬಿಡುತ್ತದೆ. ರಾಜಿ ಮಾಡಿಕೊಳ್ಳುವುದು ನಿಮಗೆ ಒಳ್ಳೆಯದೋ, ಇನ್ನೂ ಎಳೆಯುವುದು ಒಳ್ಳೆಯದೋ ಅನ್ನುವಾಗ ಅವರ ಕಣ್ಣು ನಿಮ್ಮ ಮೇಲೆ ಮಾತ್ರ ಇರುವುದಿಲ್ಲ.

ತೆಲಂಗಾಣದಲ್ಲಿ ಗಂಡನನ್ನು ಅಪಘಾತದಲ್ಲಿ ಕಳೆದುಕೊಂಡ ಹೆಣ್ಣುಮಗಳೊಬ್ಬರ ಪರಿಹಾರದ ಕೇಸಿನಲ್ಲಿ ನಿಮ್ಮದೇ ಕಥೆ ನಡೆದಿತ್ತು. ವಕೀಲರು ಶೇಕಡಾವಾರು ಫೀಸಿಗೆ ಚೆಕ್ ಪಡೆದರು. ಅದು ಬೌನ್ಸ್ ಆದಾಗ ಆಕೆಯ ಮೇಲೆಯೇ ಕ್ರಿಮಿನಲ್ ಕೇಸು ಹಾಕಿದರು. 2017ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ಕೇಸನ್ನು ರದ್ದು ಮಾಡಿತು. ಆದ್ದರಿಂದ ಆ ಚೆಕ್ಕುಗಳನ್ನು ನೆನೆದು ನಿದ್ದೆ ಕೆಡಿಸಿಕೊಳ್ಳಬೇಡಿ. ವಾಪಸ್ ಕೊಡಿ ಅಂತ ರಿಜಿಸ್ಟರ್ಡ್ ಪತ್ರ ಬರೆಯಿರಿ, ಪ್ರತಿ ಇಟ್ಟುಕೊಳ್ಳಿ. ಜೊತೆಗೇ ಒಂದು ನ್ಯಾಯವಾದ ಫೀಸು ಮಾತಾಡಿ ಬರವಣಿಗೆಗೆ ಇಳಿಸಿ. ವಕೀಲರ ದುಡಿಮೆಗೆ ಬೆಲೆ ಇದೆ, ಅದನ್ನು ಕೊಡಲೇಬೇಕು. ಪರಿಹಾರದ ಹಣ ಅವರ ಕೈಗೆ ಬಂದರೆ ಬೇಗ ನಿಮಗೆ ತಿಳಿಸಬೇಕು, ಲೆಕ್ಕ ಇಡಬೇಕು, ಕೇಳಿದಾಗ ಲೆಕ್ಕದ ಪ್ರತಿ ಕೊಡಬೇಕು. ನಿಯಮಗಳು ಇದನ್ನೂ ಹೇಳುತ್ತವೆ.

ಪ್ರಶ್ನೆ: ನಮ್ಮ ಲಾಯರ್ ಕೋರ್ಟ್ ಕ್ಯಾಂಟೀನಿನಲ್ಲಿ ಎದುರು ಪಾರ್ಟಿ ಲಾಯರ್ ಜೊತೆ ನಗುತ್ತಾ ಕಾಫಿ ಕುಡಿಯುತ್ತಿದ್ದರು. ಒಳಗೊಳಗೇ ಒಂದಾಗಿದ್ದಾರಾ?
(ಮೈಸೂರಿನ ಓದುಗರು)

ಉತ್ತರ: ಕಾಫಿ ಕುಡಿಯಲಿ ಬಿಡಿ. ದಿನವೂ ಅದೇ ಕಾರಿಡಾರಿನಲ್ಲಿ ಓಡಾಡುವವರು, ಒಳಗೆ ಗಟ್ಟಿಯಾಗಿ ವಾದ ಮಾಡಿ ಹೊರಗೆ ಸ್ನೇಹದಿಂದ ಇದ್ದರೆ ಅದು ಒಳ್ಳೆಯದೇ. ನೋಡಬೇಕಾದ್ದು ಬೇರೆ. ಎದುರು ಪಾರ್ಟಿ ಅವರ ನೆಂಟರೋ ಹಳೆಯ ಕಕ್ಷಿದಾರರೋ ಆಗಿದ್ದರೆ ಮೊದಲೇ ನಿಮಗೆ ಹೇಳಬೇಕಿತ್ತು. ಇದೇ ಕೇಸಿನಲ್ಲಿ ಅವರಿಗೆ ಹಿಂದೆ ಸಲಹೆ ಕೊಟ್ಟಿದ್ದರೆ ನಿಮ್ಮ ಪರ ನಿಲ್ಲುವಂತೆಯೇ ಇಲ್ಲ. ನಿಮ್ಮನ್ನು ಕೇಳದೆ ರಾಜಿಗೆ ಒಪ್ಪುವ ಹಾಗೂ ಇಲ್ಲ. ಇವೆಲ್ಲ ಸರಿ ಇದ್ದರೆ ಸುಮ್ನೆ ಅನುಮಾನ ಬೇಡ.

ಪ್ರಶ್ನೆ: ನಾನು ಮೈಸೂರಿನಲ್ಲಿ ಕಾನೂನು ಓದುತ್ತಿದ್ದೇನೆ. ತಾತ ಲಾಯರನ್ನೆಲ್ಲ ಬ್ಯಾರಿಸ್ಟರ್ ಅನ್ನುತ್ತಾರೆ. ಇಂಗ್ಲೆಂಡಿನ ಬ್ಯಾರಿಸ್ಟರುಗಳಿಗೂ ನಮಗೂ ಕಕ್ಷಿದಾರರ ವಿಷಯದಲ್ಲಿ ಏನು ವ್ಯತ್ಯಾಸ?
(ಕಾನೂನು ವಿದ್ಯಾರ್ಥಿನಿ)

ಉತ್ತರ: 1961ರ ಕಾಯ್ದೆ ಬಂದ ಮೇಲೆ ನಮ್ಮಲ್ಲಿ ಎಲ್ಲರೂ ಅಡ್ವೊಕೇಟರೇ ಮಗಳೇ. ಅಲ್ಲಿ ಈಗಲೂ ಕಕ್ಷಿದಾರರ ಕಾಗದಪತ್ರ ನೋಡಿಕೊಳ್ಳುವ ಸಾಲಿಸಿಟರ್ ಬೇರೆ, ಹೆಚ್ಚಾಗಿ ಕೋರ್ಟಿನಲ್ಲಿ ವಾದಿಸುವ ಬ್ಯಾರಿಸ್ಟರ್ ಬೇರೆ. ಬ್ಯಾರಿಸ್ಟರುಗಳಿಗೆ ಒಂದು ಹಳೆಯ ನಿಯಮ ಇದೆ. 'ಕ್ಯಾಬ್ ರ‍್ಯಾಂಕ್' ನಿಯಮ ಅನ್ನುವ ಅದರ ಹೆಸರು ಬಂದಿರುವುದೇ ಗಾಡಿ ಸ್ಟ್ಯಾಂಡಿನಿಂದ. ಸಾಲಿನ ಮುಂದಿರುವ ಗಾಡಿ ಬಂದ ಸವಾರಿಯನ್ನು ಬೇಡ ಅನ್ನುವಂತಿಲ್ಲ. ಹಾಗೇ, ತನಗೆ ಬರುವ ವಿಷಯ, ಬಿಡುವಿದೆ, ಸರಿಯಾದ ಫೀಸಿದೆ ಅಂದರೆ, ಕಕ್ಷಿದಾರ ಎಷ್ಟೇ ಕೆಟ್ಟವನು ಅನ್ನಿಸಿದರೂ ಬ್ಯಾರಿಸ್ಟರ್ ಕೇಸು ತೆಗೆದುಕೊಳ್ಳಬೇಕು. ನಮ್ಮ ಬಾರ್ ಕೌನ್ಸಿಲ್ ನಡತೆ ನಿಯಮಗಳಲ್ಲಿ 11ನೆಯದೂ ಹತ್ತಿರ ಹತ್ತಿರ ಇದನ್ನೇ ಹೇಳುತ್ತದೆ. ಇಂಥ ಆರೋಪಿಯ ಪರ ಯಾರೂ ನಿಲ್ಲಬಾರದು ಎಂದು ವಕೀಲರ ಸಂಘಗಳು ನಿರ್ಣಯ ಮಾಡುವುದು ಕಾನೂನುಬಾಹಿರ ಎಂದು 2010ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಸನ್ನದು ಸಿಕ್ಕ ಮೇಲೆ ನಿನಗೂ ಇಂಥ ದಿನ ಬರಬಹುದು, ಆಗ ಈ ತೀರ್ಪನ್ನು ಹತ್ತಿರ ಇಟ್ಟುಕೋ.

ಇನ್ನೊಂದು ವ್ಯತ್ಯಾಸ ನಿನಗೆ ಇಷ್ಟವಾಗಬಹುದು. ಕೋರ್ಟಿನಲ್ಲಿ ಕೇಸು ನಡೆಸುವಾಗ ಮಾಡಿದ ಎಡವಟ್ಟಿಗೆ ಬ್ಯಾರಿಸ್ಟರ್ ಮೇಲೆ ದಾವೆ ಹಾಕುವಂತಿಲ್ಲ ಎಂದು ಆಗ ಅಲ್ಲಿನ ಅತ್ಯುನ್ನತ ಕೋರ್ಟಾಗಿದ್ದ ಹೌಸ್ ಆಫ್ ಲಾರ್ಡ್ಸ್ 1967ರಲ್ಲೂ ಎತ್ತಿ ಹಿಡಿದಿತ್ತು. ಆ ರಕ್ಷಣೆ ಹೋಗಿದ್ದು 2000ದಲ್ಲಿ. ನಮ್ಮಲ್ಲಿ 1926ರ ವಕೀಲರ ಫೀಸು ಕಾಯ್ದೆಯ 5ನೇ ಕಲಮೇ ನಿರ್ಲಕ್ಷ್ಯಕ್ಕೆ ವಕೀಲರ ಮೇಲೆ ದಾವೆ ಹಾಕಬಹುದು ಎಂದಿತ್ತು. ಕರ್ನಾಟಕದಿಂದ ಹೋದ ಒಂದು ಕೇಸಿನಲ್ಲಿ 1988ರಲ್ಲಿ ಸುಪ್ರೀಂ ಕೋರ್ಟ್ ಆ ಹಕ್ಕನ್ನು ಒಪ್ಪಿತು. ಮೇಲೆ ಪಾಂಡವಪುರದ ಅಕ್ಕನಿಗೆ ಸಿವಿಲ್ ಕೋರ್ಟಿನ ದಾರಿ ಇದೆ ಅಂದೆನಲ್ಲ, ಅದು ಈ ಕಲಮಿನ ಬಲದಿಂದಲೇ.