ಪ್ರತಿಕ್ರಿಯೆ: ಅಷ್ಟು ತೆಳು ಹಾಳೆ ಮುದುಡೋದಿಲ್ಲ ಯಾಕೆ?

100 ನ್ಯಾನೋಮೀಟರಿಗಿಂತ (ಒಂದು ನ್ಯಾನೋಮೀಟರ್ ಅಂದ್ರೆ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಭಾಗ) ತೆಳುವಾದ ಹಾಳೆಯನ್ನು ಕೈಯಲ್ಲಿ ಎತ್ತಬಹುದು ಅಂತಾರೆ, ಅದು ಹೇಗೆ, ಹುಬ್ಬಳ್ಳಿಯಲ್ಲೇ ಪ್ರಾಜೆಕ್ಟ್ ಮಾಡಬಹುದಾ ಅಂತ ಕೇಳಿದ್ದೀರಿ.

ಗುಟ್ಟು ಇರೋದು ಆಕಾರದಲ್ಲಿ. ನಿಮ್ಮ ಹುಬ್ಬಳ್ಳಿಯ ಗೋಕುಲ ರೋಡಿನ ಶೆಡ್‌ಗಳ ಪತ್ರಾಸ್, ಅಂದ್ರೆ ಏಣು ಏಣಾಗಿರೋ ಚಾವಣಿ ತಗಡು ನೋಡಿ. ಆ ಏಣುಗಳಿಂದಲೇ ಅದು ಗಟ್ಟಿಯಾಗಿ ನಿಲ್ಲುತ್ತೆ. ಅದೇ ತಗಡು ಸಪಾಟಾಗಿದ್ದರೆ ಜೋತು ಬೀಳುತ್ತೆ, ಅಲ್ವಾ? ಆದರೆ ಪತ್ರಾಸ್ ಒಂದು ದಿಕ್ಕಿಗೆ ಸುಲಭವಾಗಿ ಮಡಚುತ್ತೆ. ಅದಕ್ಕೇ 2015ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದವರು ಆರು ಮೂಲೆಯ ಗುಳಿಗಳ ವಿನ್ಯಾಸ ಆರಿಸಿಕೊಂಡರು. ಅದರಲ್ಲಿ ಮಡಚೋಕೆ ನೇರ ಗೆರೆಯೇ ಸಿಗೋದಿಲ್ಲ. ಸಿಲಿಕಾನ್ ಬಿಲ್ಲೆಯಲ್ಲಿ ಆ ಗುಳಿ ಕೊರೆದು, ಮೇಲೆ ಅಲ್ಯುಮಿನಾವನ್ನು (ಅಲ್ಯುಮಿನಿಯಂ ಆಕ್ಸೈಡ್) ಪದರ ಪದರವಾಗಿ ಕೂರಿಸಿ, ಕೆಳಗಿನ ಸಿಲಿಕಾನ್ ತೆಗೆದುಬಿಟ್ಟರು. ಉಳಿದ ಹಾಳೆ ಪಿಂಗಾಣಿಯಂಥ ಸೆರಾಮಿಕ್ ಆದರೂ ಬಾಗಿಸಿ ಬಿಟ್ಟರೆ ಮೊದಲಿನ ಆಕಾರಕ್ಕೆ ಬರುತ್ತೆ. ಬಿರುಕು ಬಿಟ್ಟರೂ ಅದು ಮುಂದೆ ಹರಡದಂತೆ ಗುಳಿಯ ಗೋಡೆ ತಡೆಯುತ್ತೆ.

ಪುಟ್ಟ ಹಾರುವ ರೋಬೋಟ್‌ಗಳ ರೆಕ್ಕೆಗೆ ಇದು ಹೊಂದುತ್ತೆ. ಅದೇ ತಂಡದ ನ್ಯಾನೋಕಾರ್ಡ್‌ಬೋರ್ಡ್ (ಪೆಟ್ಟಿಗೆಯ ರಟ್ಟಿನ ಹಾಗೆ ಒಳಗೆ ಟೊಳ್ಳಾಗಿರೋ ಅತಿ ತೆಳು ಹಲಗೆ) ಅಂತೂ ಗಾಳಿಯ ಒತ್ತಡ ಕಡಿಮೆ ಇದ್ದಾಗ ಬರೀ ಬೆಳಕು ಬಿದ್ದರೆ ಮೇಲೇಳುತ್ತೆ! ನನಗೆ ಅದೇ ಎಲ್ಲಕ್ಕಿಂತ ಇಷ್ಟ.

ಪದರ ಕೂರಿಸೋ ಯಂತ್ರ ಸಾಮಾನ್ಯ ಕಾಲೇಜಿನಲ್ಲಿ ಸಿಗೋದು ಕಷ್ಟ. ನೀವು ತ್ರೀಡಿ ಪ್ರಿಂಟರ್‌ನಲ್ಲಿ ಅಚ್ಚು ಮಾಡಿ, ಅಲ್ಯುಮಿನಿಯಂ ಫಾಯಿಲ್ ಒತ್ತಿ. ಸಪಾಟು ಪಟ್ಟಿ, ಏಣಿನ ಪಟ್ಟಿ, ಆರು ಮೂಲೆಯ ಪಟ್ಟಿ ಮೂರಕ್ಕೂ ಒಂದೇ ತೂಕ ಇಟ್ಟು, ಉದ್ದಕ್ಕೂ ಅಡ್ಡಕ್ಕೂ ಎಷ್ಟು ಬಾಗುತ್ತೆ ಅಳೆಯಿರಿ.