ಕೆಲವರಪಳ್ಳಿಯ ನೊರೆ ಮತ್ತು ನಿಮ್ಮ ಕೊತ್ತಂಬರಿ

ಬೆಂಗಳೂರು ಇಷ್ಟೊಂದು ಕೊಳಚೆ ಶುದ್ಧೀಕರಣ ಘಟಕ ಕಟ್ಟಿದರೂ ಹೊಸೂರಿನ ಕೆಲವರಪಳ್ಳಿ ಅಣೆಕಟ್ಟಿನಲ್ಲಿ ನೊರೆ ಏಕೆ, ಆ ನೀರನ್ನು ಕೊತ್ತಂಬರಿಗೆ ಬಿಡಬಹುದೇ ಎಂದು ಕೇಳಿದ್ದೀರಿ.

ಘಟಕಗಳ ಕೆಲಸ ಸುಳ್ಳಲ್ಲ. ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು 2018ರಿಂದ ಕೋಲಾರದ ಕೆರೆಗಳಿಗೆ ಹೋಗುತ್ತಿದೆ. ತೊಂದರೆಯಿರುವುದು ಘಟಕದ ಬಾಗಿಲಿಗೇ ಬಾರದ ಕೊಳಚೆಯಲ್ಲಿ. ಒಳಚರಂಡಿಗೆ ಸೇರದ ಮನೆಗಳ ನೀರು ರಾಜಕಾಲುವೆಗೆ ಇಳಿಯುತ್ತದೆ. ಬೆಳ್ಳಂದೂರು, ವರ್ತೂರು ಕೆರೆಗಳನ್ನು ದಾಟಿ ದಕ್ಷಿಣ ಪಿನಾಕಿನಿ ಸೇರಿ ನಮ್ಮ ಅಣೆಕಟ್ಟಿಗೆ ಬರುತ್ತದೆ. ಬಟ್ಟೆ ಸೋಪಿನ ಪುಡಿಯ ಅಂಶ ಉಳಿದ ಆ ನೀರು ಗೇಟಿನಿಂದ ಧುಮುಕಿದಾಗ ಗಾಳಿ ಸೇರಿ ನೊರೆ ಏಳುತ್ತದೆ. ಮಳೆ ಬಂದರೆ ತಿಳಿಯಾಗಬೇಕಲ್ಲವೇ ಎನ್ನುವವರಿದ್ದಾರೆ. ಜೋರು ಮಳೆ ಕೆರೆತಳದ ಹೂಳನ್ನೂ ಕದಡಿ ತರುತ್ತದೆ, ಆಗಲೇ ನೊರೆ ಜಾಸ್ತಿ. ಮೇಲಿಂದ ನೀರು ಸಿಂಪಡಿಸಿ ಅದನ್ನು ಅಡಗಿಸುವುದು ಕಣ್ಣೊರೆಸುವ ತಂತ್ರವಷ್ಟೇ.

ಕೊತ್ತಂಬರಿಗೆ ಖಂಡಿತ ಬೇಡ. ಹಸಿಯಾಗಿ ತಿನ್ನುವ ಸೊಪ್ಪಿನ ಮೇಲೆ ರೋಗಾಣು ಉಳಿಯುತ್ತವೆ. ಗುಲಾಬಿಯಾದರೆ ಯೋಚಿಸಬಹುದು, ಆದರೆ ಮೊದಲು ನೀರಿನ ಉಪ್ಪಿನಂಶ ಮತ್ತು ಸೋಡಿಯಂ ಪರೀಕ್ಷೆ ಮಾಡಿಸಿ. ಸೋಡಿಯಂ ಹೆಚ್ಚಿದ್ದರೆ ಜೇಡಿಮಣ್ಣು ಬಿಗಿದುಕೊಂಡು, ಹಾಯಿಸಿದ ನೀರು ಸಾಲಿನಲ್ಲೇ ನಿಲ್ಲುತ್ತದೆ. ಕಾಲುವೆ ಪಕ್ಕದ ಬಾವಿ ನೀರನ್ನೂ ಅದೇ ದಿನ ಪರೀಕ್ಷೆಗೆ ಕೊಟ್ಟುಬಿಡಿ.